ತಂತಿ ಸುತ್ತಿದ ಪಿನ್ನು

ಕಾಂಡ್ಲಾ ಬಂದರು
೧೦-೧೦-೯೬

ತಮ್ಮ ಹಾಲೇಶ,

ನಾನು ಆರಾಮ, ಉಪ್ಪುಗಾಳಿಗೆ ತುಟಿ ಒಡೆದಿದೆ ಅಷ್ಟೆ. ಇಲ್ಲಿನ ಲಾರಿಗೆ ಹಿಂದೆ ಬಾಡಿನೇ ಇಲ್ಲ ಕಣೋ. ಉದ್ದನೆ ಟ್ರೇಲರಿನ ಮೂತೀನ ಲಾರಿ ಬೆನ್ನಿನ ಗ್ರೀಸ್ ಮೆತ್ತಿದ ತಟ್ಟೆ ಮೇಲೆ ಕೂರಿಸಿ ಎಳೀಬೇಕು. ಕೊಂಡಿ ಟಕ್ ಅಂದ್ರೂ ಜೊತೆಗಿರೋ ಸರ್ದಾರ್ಜಿ ನಂಬಲ್ಲ. ಟ್ರೇಲರಿನ ಬ್ರೇಕ್ ಹಾಕಿ ಒಂದ್ಸಲ ಮುಂದಕ್ಕೆ ಜಗ್ತಾರೆ. ಆಮೇಲೆ ಬ್ಯಾಟರಿ ಲೈಟು ಹಿಡ್ಕೊಂಡು ಅಡಿಗೆ ತೂರಿ ಕಣ್ಣಾರೆ ನೋಡ್ತಾರೆ.

ನಮ್ಮ ಟ್ರ್ಯಾಕ್ಟರ್ ನೆನಪಾಯ್ತು. ಆಯುಧ ಪೂಜೆಗೆ ಎಂಜಿನ್ನಿಗೆ ಚೆಂಡುಹೂವಿನ ಹಾರ ಹಾಕ್ತೀವಿ. ಅದಕ್ಕೆ ಟ್ರೇಲರ್ ಸಿಕ್ಕಿಸೋ ಪಿನ್ನಿನ ಲಾಕು ಕಳೆದುಹೋದಾಗಿಂದ ತಂತಿ ಸುತ್ತಿ ಸುಮ್ನಿದ್ದೀವಿ. ಈ ಸಲ ಪೂಜೆಗೆ ಮುಂಚೆ ಸೊರಬಕ್ಕೆ ಹೋಗಿ ಹೊಸ ಲಾಕು ತಂದು ಹಾಕು. ಬಳ್ಳಿಗಾವಿ ಮದುವೆ ದಿಬ್ಬಣದಲ್ಲಿ ಅವ್ವ ಅದೇ ಟ್ರೇಲರಲ್ಲಿ ಮೊಮ್ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಹಾಡ್ತಾ ಹೋಗಿದ್ದು ಆ ತಂತಿ ನಂಬ್ಕೊಂಡೇ.

ಹಾರ್ನ್ ಹೊಡೀತಿದ್ದಾರೆ, ಹೊರಟೆ.

ನಿನ್ನಣ್ಣ
ಬಸವಣ್ಯಪ್ಪ