ತೊರೆ ಬೆಳ್ಳಗಾದ ಭಾನುವಾರ

ಲಾಮಿ, ಫಿಜಿ
ಮಾರ್ಚ್ 12, 2019

ಪ್ರೀತಿಯ ತಮ್ಮ ಸಾಕಿಯುಸನಿಗೆ,

ನಿನ್ನ ಬೆನ್ನುನೋವು ಈಗ ಹೇಗಿದೆ? ಆಲಿಸನ್ ಹೊಸ ಕೆಲಸಕ್ಕೆ ಒಗ್ಗಿಕೊಂಡಳೇ? ಮಕ್ಕಳಿಬ್ಬರೂ ಈಜಿನಲ್ಲಿ ಗೆದ್ದ ಫೋಟೋ ನೋಡಿದೆ. ಇಬ್ಬರಿಗೂ ಅಪ್ಪನ ಹಾಗೆ ಅಗಲ ಭುಜ. ನಾವಿಲ್ಲಿ ಇದ್ದೇವೆ. ಮಳೆ ಬಿಟ್ಟಿಲ್ಲ. ಹಿತ್ತಲಿನ ಮರಗೆಣಸು ಕೊಳೆಯುವ ಮೊದಲೇ ಕಿತ್ತಿಟ್ಟೆ. ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಆಯ್ತಕ್ಕ, ನಾನ್ ನೋಡ್ಕೋತೀನಿ" ಎಂದು ನೀನು ಮುಗಿಸಿಬಿಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದಕ್ಕೇ.

ನಿನ್ನ ಭಾವ ಇನ್ನು ಲೇಥ್ ಯಂತ್ರದ ಹತ್ತಿರ ಹೋಗಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಕೊಳೆತ ಕೂಲೆಂಟಿನ ತುಂತುರನ್ನು ಉಸಿರಾಡಿ ಉಸಿರಾಡಿ ಶ್ವಾಸಕೋಶ ಒಳಗೇ ಗಾಯಗೊಂಡಿದೆಯಂತೆ. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಎಮೋಸಿಯ ತಗ್ಗಿನ ದನಿ ಇಲ್ಲದಿದ್ದರೆ ಹಾಡಿಗೆ ನೆಲವೇ ಇರುವುದಿಲ್ಲ ಎಂದು ಪಾದ್ರಿಗಳು ಹೇಳುತ್ತಿದ್ದರಲ್ಲ, ಈಗ ನಿನ್ನ ಭಾವ ಹಿಂದಿನ ಬೆಂಚಿನಲ್ಲಿ, ಮಗು ಎತ್ತಿಕೊಂಡ ಹೆಂಗಸರ ಜೊತೆ ಕೂರುತ್ತಾರೆ. ಹಾಡು ಶುರುವಾದಾಗ ತುಟಿ ಮಾತ್ರ ಆಡಿಸುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.

ನಿನಗೆ ಅಪ್ಪನ ಕಾಲದ ವರ್ಕ್‌ಶಾಪ್ ನೆನಪಿದೆಯೇ? ಉಕ್ಕು ಕೊರೆಯುವಾಗ ಬಿಸಿ ಆರಿಸಲು ಹಾಲಿನಂಥ ಆ ಕೂಲೆಂಟ್ ನೀರನ್ನು ಧಾರೆಯಾಗಿ ಸುರಿಸುತ್ತಿದ್ದರು. ಭಾನುವಾರ ನಿಂತ ನೀರು ಸೋಮವಾರ ಬೆಳಗ್ಗೆ ಸತ್ತ ಇಲಿಯ ಹಾಗೆ ನಾರುತ್ತಿತ್ತು. ಭಾವನ ಬೆರಳುಗಳು ಒಡೆದು, ಊಟಕ್ಕೆ ಕೂತರೆ ನಿಂಬೆಹುಳಿ ಮುಟ್ಟಲು ಆಗುತ್ತಿರಲಿಲ್ಲ. ಹಳೆಯ ನೀರನ್ನು ತೊರೆಗೆ ಚೆಲ್ಲುವುದು ಆಗ ಯಾರಿಗೂ ತಪ್ಪೆನ್ನಿಸಿರಲಿಲ್ಲ. ಅದನ್ನೆಲ್ಲ ನಿಲ್ಲಿಸಿದ್ದು ಭಾವನೇ. ಗಾವ್ ದ್ವೀಪದಿಂದ ಮಾವ ಕಳಿಸುವ ಕೊಬ್ಬರಿ ಎಣ್ಣೆ, ಹಳೇ ಫ್ರಿಜ್ಜಿನಿಂದ ಬಿಚ್ಚಿದ ತಾಮ್ರದ ಸಣ್ಣ ಕೊಳವೆ, ಕಂಪ್ರೆಸರಿನ ಗಾಳಿ, ಇಷ್ಟೇ. ಧಾರೆ ಇಲ್ಲ, ನೆಲ ಒದ್ದೆಯಿಲ್ಲ; ಉಳಿಯ ತುದಿಗೆ ಮಾತ್ರ ಗಾಳಿಯೊಂದಿಗೆ ಹನಿ ಹನಿ ಎಣ್ಣೆ. ದೋಣಿ ಎಂಜಿನ್ನಿನ ಒಂದು ಶಾಫ್ಟ್ ಮುಗಿಸಲು ಒಂದು ಲೋಟ ಎಣ್ಣೆಯೂ ಬೇಡ. ಚೆಲ್ಲಲು ಏನೂ ಉಳಿಯುತ್ತಲೇ ಇರಲಿಲ್ಲ. ದೋಣಿಯವರು ಒಳಗೆ ಬಂದು, ಏನೋ ತಿಂಡಿ ಕರೀತಿದ್ದೀರಲ್ಲ ಎಂದು ಮೂಗರಳಿಸುತ್ತಿದ್ದರು. ಭಾವನ ಕೈ ವಾಸಿಯಾಯಿತು. ತೊರೆ ದಡದ ಕಾಂಡ್ಲಾ ಗಿಡಗಳ ಬುಡಕ್ಕೆ ಏಡಿ ಮರಳಿ ಬಂತು. ಪಕ್ಕದ ಹಳ್ಳಿಯ ಲೋಸಾನಜ್ಜಿ ಮತ್ತು ಅವಳ ಕಡೆಯ ಹೆಂಗಸರು ಮತ್ತೆ ರಸ್ತೆ ಬದಿಯಲ್ಲಿ ಏಡಿ ಗೊಂಚಲು ನೇತುಹಾಕಿ ಮಾರಲು ಕೂತರು.

ಆ ವರ್ಷ ಕ್ರಿಸ್‌ಮಸ್‌ಗೆ ನೀನು ಬಂದೆ. ವರ್ಕ್‌ಶಾಪ್ ಅಪ್ಪ ನಿನ್ನ ಹೆಸರಿಗೆ ಬಿಟ್ಟುಹೋದದ್ದು, ನೀನು ನೋಡಬೇಕಾದ್ದೇ. ತಾಮ್ರದ ಕೊಳವೆಯನ್ನು ಎಲ್ಲ ದಿಕ್ಕಿನಿಂದ ಫೋಟೋ ತೆಗೆದೆ. "ಭಾವ, ಇದು ಚಿನ್ನ, ನಿಮಗೆ ಗೊತ್ತಿಲ್ಲ" ಎಂದು ಅವರ ಬೆನ್ನು ತಟ್ಟಿದೆ. ಅವರಿಗೆ ಅದೆಷ್ಟು ಸಂತೋಷವಾಯಿತು ಎಂದರೆ ಆ ಸಂಜೆ ಕಾವಾ ಕುಡಿಯಲು ಬಟ್ಟಲಿನ ಮುಂದೆ ಕೂತವರಿಗೆಲ್ಲ ಅದೇ ಕಥೆ. ಆಮೇಲೆ ನಿನಗೆ ಹಡಗು ಕಂಪನಿಯ ದೊಡ್ಡ ಕೆಲಸ ಸಿಕ್ಕಿತು. ಪರಿಸರಕ್ಕೆ ಕೇಡಿಲ್ಲದ ವರ್ಕ್‌ಶಾಪ್ ಎಂದೇ ಕೊಟ್ಟರು. ಸ್ಟೇನ್‌ಲೆಸ್ ಶಾಫ್ಟ್‌ಗಳು, ಗಟ್ಟಿ ಜಾತಿ. ಕೊಬ್ಬರಿ ಎಣ್ಣೆಯಲ್ಲಿ ಆಗುತ್ತದೆ, ಆದರೆ ನಿಧಾನ ಕೊರೆಯಬೇಕು, ಅವಸರ ಮಾಡಿದರೆ ಉಳಿ ಸುಡುತ್ತದೆ ಎಂದು ಭಾವ ಹೇಳಿದರು. ನಿನಗೆ ನಿಧಾನ ಬೇಡವಾಗಿತ್ತು. ನೀನಿರುವ ದೇಶದಿಂದ ಎಲೆಯ ಚಿತ್ರ ಅಂಟಿಸಿದ ಡ್ರಮ್ಮುಗಳು ಹಡಗಿನಲ್ಲಿ ಬಂದವು. ಇದೂ ಗಿಡದ ಎಣ್ಣೆಯೇ, ಹಳೇ ಪಂಪು ಹಚ್ಚಿ ಧಾರೆಯಾಗಿ ಬಿಡಿ ಎಂದು ನಿನ್ನ ಅಪ್ಪಣೆ.

ವಾರ ತುಂಬುವ ಮೊದಲೇ ಅದು ನಾರತೊಡಗಿತು. ನೀನು ಕಳಿಸಿದ ಬಿಳಿ ಪುಡಿ ಸುರಿದರೆ ನಾತ ಹೋಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಭಾವನ ಕೈ ಮತ್ತೆ ಒಡೆಯಿತು, ಕೆಮ್ಮು ಹತ್ತಿತು. ಬಾಗಿಲಿಗೆ ಫ್ಯಾನ್ ಹಾಕಿಸು, ಮುಚ್ಚಳ ಮಾಡಿಸು ಎಂದು ಎಷ್ಟು ಸಲ ಕೇಳಿದರು! ಕೊನೆಗೆ, ಇಂಥ ಮಾಲನ್ನು ಎಲ್ಲಿಂದ ತಂದೆ ಎಂದು ಅವರು ಕೇಳಿದಾಗ ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದೆ. ಫೋನಿನ ದನಿ ಜೋರಾಗಿತ್ತು. ನೀನು ನಕ್ಕೆ. "ಇಲ್ಲಿ ಅವಧಿ ಮುಗಿದ ಮಾಲು, ಎಸೆಯೋಕೇ ದುಡ್ಡು ಕೊಡ್ಬೇಕು ಭಾವ. ಅಲ್ಲಾದ್ರೆ ಹೇಗೂ ಮಳೆ ಬರುತ್ತಲ್ಲ, ತೊರೆಗೆ ಬಿಟ್ಬಿಡಿ" ಎಂದೆ. ಭಾವ ಫೋನ್ ಇಟ್ಟರು. ಅವತ್ತು ಪಂಪು ನಿಲ್ಲಿಸಿ, ಕೊಳೆತ ಕೂಲೆಂಟನ್ನೆಲ್ಲ ಡ್ರಮ್ಮುಗಳಿಗೆ ತುಂಬಿ, ಬಿರಡೆ ಬಿಗಿದು ಶೆಡ್ಡಿನ ಹಿಂದೆ ಸಾಲಾಗಿ ನಿಲ್ಲಿಸಿದರು. ಒಂದು ತೊಟ್ಟೂ ತೊರೆಗೆ ಹೋಗಕೂಡದು ಎಂದು ವೆಲ್ಡರ್ ಇಲಾಯ್‌ಗೂ ಹೇಳಿದರು. ಅವರು ಹೇಳಿದ್ದನ್ನು ಮೀರಿ ಬಿರಡೆ ತೆಗೆಯಲು ಇಲಾಯ್‌ಗೆ ಯಾರು ಹೇಳಿದರೆಂದು ನಿನಗೆ ನಾನು ತಿಳಿಸಬೇಕಾಗಿಲ್ಲ.

ಆ ಭಾನುವಾರ ನಾವು ಚರ್ಚಿನಿಂದ ಬರುವಾಗ ಸೇತುವೆಯ ಮೇಲೆ ಜನ ನಿಂತಿದ್ದರು. ಜಡಿಮಳೆ, ಯಾರಿಗೂ ಕೊಡೆಯ ಪರಿವೆ ಇರಲಿಲ್ಲ. ತೊರೆ ದಡದಿಂದ ದಡಕ್ಕೆ ಬೆಳ್ಳಗಿತ್ತು, ಬಾಣಂತಿಗೆ ಕಾಸಿದ ಗಂಜಿಯ ಹಾಗೆ. ಏಡಿಗಳು ಕೆಸರಿನಿಂದ ಮೇಲೆ ಬಂದು, ಕಾಂಡ್ಲಾ ಬೇರು ಹತ್ತಿ, ಅಲ್ಲಿಂದ ಅಂಗಾತ ಬೀಳುತ್ತಿದ್ದವು. ಲೋಸಾನಜ್ಜಿ ಉಟ್ಟ ಸುಲುವನ್ನು ಸೊಂಟಕ್ಕೆ ಬಿಗಿದು ನೀರಿಗಿಳಿದು, ಬದುಕಿದವನ್ನು ಬುಟ್ಟಿಗೆ ಹಾಕುತ್ತಿದ್ದಳು. ಭಾವ ಚರ್ಚಿನ ಬಟ್ಟೆಯಲ್ಲೇ ಇಳಿದು ಅವಳ ಜೊತೆ ಹೆಕ್ಕಿದರು. ಅವಳು ಬುಟ್ಟಿಯನ್ನು ಅವರಿಂದ ದೂರ ಸರಿಸಿಕೊಂಡಳು.

ವರ್ಕ್‌ಶಾಪಿನ ಜಾಗ ಅಪ್ಪನಿಗೆ ಕೊಟ್ಟವರು ಲೋಸಾನಜ್ಜಿಯ ಹಳ್ಳಿಯವರೇ. ಹಾಗಾಗಿ ತಪ್ಪೊಪ್ಪಿಗೆಗೆ ಹೋಗದೆ ವಿಧಿಯಿಲ್ಲ. ಬಾ ಎಂದು ನಿನಗೆ ಫೋನ್ ಮಾಡಿದೆವು. ಆ ವಾರ ನಿನಗೆ ಅಲ್ಲಿ ಬಹುಮಾನ ಕೊಡುವ ಸಮಾರಂಭ ಇದೆ ಎಂದೆ. ಭಾವನೇ ಹೋದರು. ಅಮ್ಮನ ಪೆಟ್ಟಿಗೆಯಲ್ಲಿದ್ದ ತಂಬುವಾ, ಆ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಹಿರಿಯರ ಮುಂದೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತರು. ಕ್ಷಮಿಸಿ ಎನ್ನುವ ಮಾತನ್ನು ಹೇಳಲು ಕೆಮ್ಮು ಬಿಡಲಿಲ್ಲ. ಅರ್ಧ ಹೇಳುತ್ತಾರೆ, ಕೆಮ್ಮುತ್ತಾರೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಲೋಸಾನಜ್ಜಿಗೆ ತಡೆಯಲಾಗಲಿಲ್ಲ. "ಸಾಕು ಮಾಡಪ್ಪ. ಕೆಮ್ಮೋನನ್ನ ಕಳಿಸಿ ಮಾಡಿದೋನು ಎಲ್ಲಿ ಕೂತಿದ್ದಾನೆ?" ಎಂದಳು. ಹಿರಿಯರು ಹಲ್ಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಅದನ್ನು ಭಾವನ ಮುಂದೆಯೇ ಇಟ್ಟರು. "ನಿನ್ನ ಮೇಲೆ ನಮಗೆ ಸಿಟ್ಟಿಲ್ಲ ಎಮೋಸಿ. ಆದ್ರೆ ಇದನ್ನ ನಿನ್ನ ಕೈಯಿಂದ ತಗೊಳ್ಳೋಕಾಗಲ್ಲ." ತಂದ ತಂಬುವಾವನ್ನು ಹಾಗೇ ಹೊತ್ತು ಹಳ್ಳಿಯ ನಡುವೆ ಮರಳುವುದು ಎಂದರೆ ಏನೆಂದು ನಿನಗೆ ಗೊತ್ತು. ನಾನು ಅವರ ಹಿಂದೆ ನಡೆದೆ. ಮನೆಗಳ ಬಾಗಿಲಲ್ಲಿ ನಿಂತವರು ನಮ್ಮನ್ನು ನೋಡಬಾರದೆಂದು ಒಳಗೆ ಹೋದರು. ಅದೊಂದು ಮರ್ಯಾದೆ ಮಾಡಿದರು.

ಅದೇ ವಾರ ನಿನ್ನ ಬಹುಮಾನದ ಫೋಟೋವನ್ನು ಆಲಿಸನ್ ಕಳಿಸಿದ್ದಳು. ನಿನ್ನ ಹಿಂದಿನ ಪರದೆಯ ಮೇಲೆ ನಿನ್ನ ಭಾವನ ತಾಮ್ರದ ಕೊಳವೆ, ಇಷ್ಟು ದೊಡ್ಡದಾಗಿ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಬೆಸುಗೆ ಸ್ವಲ್ಪ ಓರೆಯಾಗಿದೆ" ಎಂದರು.

ಆಲಿಸನ್‌ಗೆ ನನ್ನ ನೆನಪು ಹೇಳು. ಮಕ್ಕಳ ಕೆನ್ನೆಗೆ ಅತ್ತೆಯ ಮುತ್ತು. ನಿನ್ನ ಉಸಿರು ಹಗುರವಾಗಿರಲಿ ಎಂದು ಪ್ರತಿ ಭಾನುವಾರ ಈಗಲೂ ಪ್ರಾರ್ಥಿಸುತ್ತೇನೆ. ಅದು ಅಭ್ಯಾಸ, ಬಿಡಲಾಗುವುದಿಲ್ಲ.

ನಿನ್ನ ಅಕ್ಕ,
ಉನೈಸಿ

ಮರೆತೆ. ಅಲ್ಲ, ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಪರಿಸರ ಇಲಾಖೆಯ ಹುಡುಗಿ ಮನೆಗೆ ಬಂದಿದ್ದಳು. ತೊರೆಗೆ ಬಿಡಲು ಹೇಳಿದ್ದು ಎಮೋಸಿ ಎಂದು ನೀನೇ ಅವರಿಗೆ ಫೋನಿನಲ್ಲಿ ಹೇಳಿದ್ದೀಯಂತೆ. ಭಾವ ಅಲ್ಲಗಳೆಯಲಿಲ್ಲ. "ಹೋಗ್ಲಿ ಬಿಡು, ಅವನು ನಿನ್ನ ತಮ್ಮ" ಎಂದು ನನಗೆ ಹೇಳಿ ಮಲಗಿದರು. ಗುರುವಾರ ಹೇಳಿಕೆ ತೆಗೆದುಕೊಳ್ಳುತ್ತಾರೆ. ಅವರಿಗೆ ಹೇಳದೆ ನಾನು ಹೋಗುತ್ತಿದ್ದೇನೆ. ಇಲಾಯ್ ಕೂಡ ಬರಲು ಒಪ್ಪಿದ್ದಾನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಹೆಸರನ್ನು ನಾನು ಹೇಳಿ ಆಗಿರುತ್ತದೆ.