ನಾನು ಸಹಿ ಹಾಕಿದ ಅಳತೆ

ಪ್ರೀತಿಯ ದೊಡ್ಡಪ್ಪನಿಗೆ,

ವಿಮಾನಪುರದ ನಿಮ್ಮ ಮನೆ ಜಗುಲಿಯಲ್ಲಿ ನಾನು ಸಿಂಥಸೈಜರಿನ ಭಾಗಗಳನ್ನು ಟವೆಲ್ಲಿನ ಮೇಲೆ ಹರಡಿದ ದಿನ ನೆನಪಿದೆಯಾ? “ಏನಮ್ಮಾ, ಯಾರ ಮನೆ ರೇಡಿಯೋ ಬಿಚ್ಕೊಂಡು ಬಂದೆ?” ಎಂದಿರಿ. ಇವಕ್ಕೆ ಮಾಡ್ಯೂಲ್ ಅಂತಾರೆ, ಒಂದು ಸ್ವರ ಹುಟ್ಟಿಸುತ್ತೆ, ಇನ್ನೊಂದು ಅದನ್ನು ತಿದ್ದುತ್ತೆ, ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ಸ್ಕ್ರೂ ಹಾಕಿ ಕೂರಿಸಿದರೆ ವಾದ್ಯವಾಗುತ್ತೆ ಎಂದೆ. “ಹಂಗಾದ್ರೆ ಇವಕ್ಕೊಂದು ಮನೆ ಬೇಕು, ಅಷ್ಟೇ ತಾನೆ?” ಎಂದು ಆಗಲೇ ಕನ್ನಡಕ ಹುಡುಕತೊಡಗಿದಿರಿ.

ಆದರೆ ನಿಮ್ಮದು ವಿಮಾನ ಕಾರ್ಖಾನೆಯ ಮರಗೆಲಸದ ಶಿಸ್ತು. ನಿವೃತ್ತರಾಗಿ ಎಷ್ಟು ವರ್ಷವಾದರೇನು, ಸಹಿ ಇಲ್ಲದ ನಕ್ಷೆಗೆ ಗರಗಸ ಮುಟ್ಟುತ್ತಿರಲಿಲ್ಲ. “ಅಳತೆ ಬರ್ದು ಸೈನ್ ಮಾಡ್ಕೊಡು. ಅಳತೆ ನಿಂದು, ಕತ್ತರಿಸೋದು ನಂದು.” ದೊಡ್ಡಮ್ಮ ಒಳಗಿನಿಂದಲೇ, “ಮಗೂ ಹತ್ರಾನೂ ಸೈನಾ?” ಎಂದು ನಕ್ಕರು. ನಾನೂ ನಗುತ್ತಲೇ ಅಳತೆ, ಸಹಿ ಎರಡನ್ನೂ ಗೀಚಿದೆ.

ರಿಚರ್ಡ್ಸ್ ಟೌನಿನಲ್ಲಿ ಕೆಡವಿದ ಮನೆಯೊಂದರ ಬಾಗಿಲಿನ ತೇಗ ತಂದು ಮಾಡಿದಿರಲ್ಲ, ಎಂಥ ಪೆಟ್ಟಿಗೆ ಅದು! ಹಲಸೂರಿನ ನನ್ನ ಮನೆಗೆ ನೀವೇ ಆಟೋದಲ್ಲಿ ತಂದಿಟ್ಟು ಹೋದಿರಿ. ಇಂದಿರಾನಗರದಲ್ಲಿ ನಾನು ನುಡಿಸಬೇಕಿದ್ದ ಕಾರ್ಯಕ್ರಮಕ್ಕೆ ಎರಡೇ ದಿನವಿತ್ತು. ಮಾಡ್ಯೂಲುಗಳ ಹಿಂಬದಿಗೆ ಕರೆಂಟಿನ ಕೇಬಲ್ ಚುಚ್ಚಿ ಇಳಿಸಿದರೆ ಅವು ತಳಕ್ಕೆ ತಾಗಿ ಎದ್ದು ನಿಂತವು. ತಲೆ ಕೆಟ್ಟುಹೋಯಿತು, ಫೋನ್ ಮಾಡಿದೆ. “ಏನ್ ದೊಡ್ಡಪ್ಪಾ, ಆಳಾನೇ ಕಮ್ಮಿ ಮಾಡ್ಬಿಟ್ಟಿದೀರಲ್ಲ! ಕಣ್ಣು ಕಾಣ್ಸಲ್ಲ ಅಂದಿದ್ರೆ ರೆಡಿಮೇಡೇ ತಗೋತಿದ್ದೆ!” ನೀವು, “ಡ್ರಾಯಿಂಗ್ ಪೆಟ್ಟಿಗೇಲೇ ಮಡಚಿಟ್ಟಿದೀನಿ. ಸ್ವಲ್ಪ ನೋಡಮ್ಮಾ...” ಎಂದಿರಿ.

ನೋಡಿದೆ. ಅದೇ ಸಂಜೆ. ಆಳದ ಅಂಕಿ ನನ್ನದೇ ಅಕ್ಷರದಲ್ಲಿತ್ತು, ಕೆಳಗೆ ನನ್ನ ಸಹಿ. ಬರೀ ಮಾಡ್ಯೂಲನ್ನು ಅಳೆದಿದ್ದೆ, ಹಿಂದೆ ಚುಚ್ಚುವ ಪ್ಲಗ್ಗನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನು ಬರೆದಷ್ಟನ್ನೇ ನೀವು ಕತ್ತರಿಸಿದ್ದಿರಿ. ಆಗಲೇ ಫೋನ್ ಮಾಡಬೇಕಿತ್ತು, ಅಲ್ಲವಾ? ಕಾರ್ಯಕ್ರಮ ಮುಗಿಯಲಿ ಎಂದುಕೊಂಡೆ, ಆಮೇಲೆ ಹಬ್ಬ ಮುಗಿಯಲಿ ಎಂದುಕೊಂಡೆ...

ಹಬ್ಬಕ್ಕೆ ನಾನು ನಿಮ್ಮ ಮನೆಗೆ ಬಂದಾಗ, ಊಟಕ್ಕೆ ಕೂತವರು ಮೆಲ್ಲಗೆ ಕೇಳಿದಿರಿ: “ಆ ಡ್ರಾಯಿಂಗ್ ಸಿಕ್ತಾ?” “ಎಲ್ಲೋ ಕಳ್ದೋಯ್ತು ದೊಡ್ಡಪ್ಪ” ಎಂದುಬಿಟ್ಟೆ. ನಾಚಿಕೆಗೆ ಹೇಳಿದ ಸುಳ್ಳು ಅದು. “ಹೋಗ್ಲಿ ಬಿಡು, ಕೈ ತಪ್ಪಿರ್ಬೇಕು, ವಯಸ್ಸಾಯ್ತಲ್ಲ” ಎಂದು ನೀವೇ ನನಗೆ ಸಮಾಧಾನ ಹೇಳಿದಿರಿ. ಮುಂದಿನ ವಾರ ಉಳಿಗಳನ್ನೆಲ್ಲ ಶಿವಾಜಿನಗರದ ಮರಗೆಲಸದ ಆಚಾರಿಯೊಬ್ಬರಿಗೆ ಕೊಟ್ಟುಬಿಟ್ಟಿರಿ ಎಂದು ತಿಳಿಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಮೂರು ತಿಂಗಳಿಗೆ ನೀವೇ ಇರಲಿಲ್ಲ.

ಹೋದ ಭಾನುವಾರ ದೊಡ್ಡಮ್ಮನ ಮುಂದೆ ನಕ್ಷೆ ಬಿಚ್ಚಿಟ್ಟು ಎಲ್ಲ ಹೇಳಿದೆ. ಬೈಯಲಿಲ್ಲ. “ಆ ಪೆಟ್ಟಿಗೆ ಆದ್ಮೇಲೆ ದಿನಾ ಟೇಪ್ ಹಿಡ್ಕೊಂಡು ಇದೇ ಕಿಟಕಿ, ಇದೇ ಬಾಗ್ಲು ಅಳೀತಿದ್ರು ಕಣೇ. ಸರಿ ಬಂದ್ರೂ ನಂಬ್ತಿರ್ಲಿಲ್ಲ, ಇನ್ನೊಂದ್ಸಲ ಅಳೀತಿದ್ರು” ಎಂದರು. ಇದಕ್ಕಿಂತ ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೆಟ್ಟಿಗೆಯನ್ನು ನಾನು ಎಲ್ಲೂ ಕೊರೆದಿಲ್ಲ, ಬಿಚ್ಚಿಲ್ಲ. ನನ್ನ ಮಾಡ್ಯೂಲುಗಳನ್ನೇ ಬದಲಾಯಿಸಿ, ಅದರ ಆಳಕ್ಕೆ ಹೊಂದುವ ತೆಳುವಾದವನ್ನು ಹುಡುಕಿ ತಂದೆ. ನಿನ್ನೆ ಹನ್ನೆರಡು ಮಾಡ್ಯೂಲುಗಳೂ ಒಳಗೆ ಕೂತವು, ಒಂದು ಸ್ಕ್ರೂ ಕೂಡ ತಕರಾರು ಮಾಡಲಿಲ್ಲ. ನಕ್ಷೆಯನ್ನು ಮುಚ್ಚಳದ ಒಳಗೆ ಅಂಟಿಸಿ, ಸಹಿಯ ಕೆಳಗೆ ‘ತಪ್ಪು ನನ್ನದು’ ಎಂದು ಬರೆದಿದ್ದೇನೆ. ನಾಳೆ ಪೆಟ್ಟಿಗೆಯನ್ನು ಶಿವಾಜಿನಗರಕ್ಕೆ ಹೊತ್ತುಕೊಂಡು ಹೋಗಿ, ನಿಮ್ಮ ಉಳಿ ಹಿಡಿದಿರುವ ಆಚಾರಿಯವರಿಗೂ ಆ ಸಾಲನ್ನು ಓದಿ ಹೇಳುತ್ತೇನೆ.

ನಿಮ್ಮ ಕೈ ತಪ್ಪಿರಲಿಲ್ಲ, ದೊಡ್ಡಪ್ಪ. ನೀವಿದ್ದಷ್ಟು ದಿನವೂ ಅದು ನನಗೆ ಗೊತ್ತಿತ್ತು.

ನಿಮ್ಮ
ಪುಟ್ಟಿ