ಬೀದಿಯ ಈ ಬದಿ

ಫೆಬ್ರುವರಿ 11, ಮಂಗಳವಾರ, ಸಂಜೆ
ಕಾಫಿ ಆರಿತು. ಬಿಸಿ ಮಾಡಿದೆ. ಮತ್ತೆ ಆರಿತು. ಶಾಲಾ ಮಂಡಳಿಯ ಸಭೆಯಿಂದ ಈಗ ಬಂದೆ. ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಎಂದು ಗೊತ್ತುಮಾಡುವ ಹೊಸ ಗಡಿ ನಮ್ಮ ಟ್ಯಾನರ್ ಬೀದಿಯ ನಟ್ಟನಡುವೆ ಹಾದುಹೋಗಿದೆ. ಎದುರು ಸಾಲಿನ ಮಕ್ಕಳು ಮೊದಲಿನಂತೆ ಲಿಂಡೆನ್ ಮಿಡ್ಲ್ ಸ್ಕೂಲಿಗೆ. ನಮ್ಮ ಸಾಲಿನವರು ಊರಾಚೆಯ ಕ್ವಾರಿ ಹಿಲ್‌ಗೆ. ಅಂದರೆ ಆಗಸ್ಟಿನಲ್ಲಿ ಮಿಡ್ಲ್ ಸ್ಕೂಲು ಸೇರುವಾಗ ನನ್ನ ಮಗಳು ಜೆನ್ ಅಲ್ಲಿ, ಎದುರುಮನೆಯ ಪರ್ಲ್ ಇಲ್ಲಿ. ಒಂದನೇ ತರಗತಿಯಿಂದ ಜೊತೆ ಬಿಟ್ಟವರಲ್ಲ.

ಹೊರಬರುವಾಗ ಪರ್ಲ್‌ಳ ಅಮ್ಮ ಡೊರೀನ್ ತೋಳು ಹಿಡಿದಳು. "ನನ್ನ ಮೈದುನನ್ನ ಮದುವೆ ಆಗ್ಬಿಡೇ ಅಡೆಲ್. ನಮ್ಮನೆ ಬೇಸ್‌ಮೆಂಟಲ್ಲಿ ಸುಮ್ನೆ ಬಿದ್ಕೊಂಡಿದಾನೆ. ರಸ್ತೆ ದಾಟಿದ್ರೆ ಕೆಲಸ ಆಯ್ತು."

"ಗೊರಕೆ ಹೊಡೀತಾನಲ್ವಾ?"

"ಲಿಂಡೆನ್‌ಗೋಸ್ಕರ ಅಷ್ಟು ತಡ್ಕೊಳಲ್ವಾ?"

ನಕ್ಕೆವು. ಅವಳು ತನ್ನ ಬದಿಗೆ ಹೋದಳು. ಬೀದಿ ಎಂದಿನಷ್ಟೇ ಅಗಲ…

ಫೆಬ್ರುವರಿ 13
ಈಗಾಗಲೇ ಲಿಂಡೆನ್‌ನಲ್ಲಿ ಓದುತ್ತಿರುವವರು ಅಲ್ಲೇ ಮುಗಿಸಬಹುದು. ಅದಕ್ಕೆ ಇಲ್ಲಿ 'ಗ್ರ್ಯಾಂಡ್‌ಫಾದರ್' ವಿನಾಯಿತಿ ಎನ್ನುತ್ತಾರೆ. ಇನ್ನೂ ಸೇರದ ಜೆನ್‌ಗೆ ಅದಿಲ್ಲ. ಜೆನ್ ಎಲ್ಲೋ ಕೇಳಿಸಿಕೊಂಡಿದ್ದಾಳೆ. ಕಾರಿನಲ್ಲಿ, ಸಿಗ್ನಲ್ ಹತ್ತಿರ—

"ಅಮ್ಮ, ನಮ್ಮ ಅಜ್ಜ ಸತ್ತೋದ್ರಲ್ಲ, ಅದಕ್ಕೇ ನಮಗೆ ಸಿಗಲಿಲ್ವಾ?"

ನಗು ತಡೆಯಲಾಗಲಿಲ್ಲ. ಅದು ಬರೀ ಒಂದು ಮಾತು, ಅಜ್ಜನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ಅವಳು ನಗಲಿಲ್ಲ. ಕಿಟಕಿಯತ್ತ ತಿರುಗಿದಳು.

"ಅಜ್ಜ ಇಲ್ದಿದ್ರೆ ಅಪ್ಪ ಆಗಲ್ವಾ? ಅಪ್ಪನ ಮನೆ ಲಿಂಡೆನ್ ಕಡೆಗೇ ಇದೆ."

ಹಸಿರು ದೀಪ ಬಿದ್ದಿತ್ತು. ಹಿಂದಿನವನು ಹಾರ್ನ್ ಹೊಡೆದ.

ಮಾರ್ಚ್ 5
ಅಪ್ಪನ ಮನೆ ಆಗುತ್ತದಂತೆ. ಶಾಲಾ ಮಂಡಳಿಗೆ ಫೋನ್ ಮಾಡಿ ಕೇಳಿದೆ. ತಂದೆ ತಾಯಿ ಬೇರೆಯಾಗಿದ್ದರೆ, ಶಾಲೆಯ ದಿನಗಳಲ್ಲಿ ಮಗು ಎಲ್ಲಿ ಮಲಗುತ್ತದೋ ಅದೇ ಅದರ ಮನೆ. ಈಗ ಶನಿವಾರ, ಭಾನುವಾರ ಮಾತ್ರ ಅವಳು ಅಪ್ಪ ವೆಂಡೆಲ್‌ನ ಹತ್ತಿರ. ಅದನ್ನು ತಿರುವುಮುರುವು ಮಾಡಬೇಕು, ಅಷ್ಟೆ.

ಅಷ್ಟೆ.

ಕವಿತೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೋ ಅರ್ಥ ಅಲ್ಲಿರುತ್ತದೆ ಎಂದು ಎಂ.ಎ. ಓದುವಾಗ ತರಗತಿಯಲ್ಲಿ ಗಂಟೆಗಟ್ಟಲೆ ವಾದಿಸಿದ್ದೆ. ಇವತ್ತು ಪುಸ್ತಕ ತೆರೆದು ಹಾಗೇ ಮುಚ್ಚಿದೆ.

ಏಪ್ರಿಲ್ 20
ವೆಂಡೆಲ್ ಬಂದಿದ್ದ. ಒಳಗೆ ಕರೆದರೂ ಮೆಟ್ಟಿಲ ಮೇಲೇ ನಿಂತ.

"ನಾನು ಕೇಳ್ಲಿಲ್ಲ ಅಡೆಲ್. ಅವಳೇ ಕೇಳಿದ್ದು."

"ಗೊತ್ತು."

"ನೀನು ಬೇಡ ಅಂದ್ರೆ ಬೇಡ."

'ಬೇಡ' ಬಾಯಿವರೆಗೂ ಬಂದಿತ್ತು. ಎದುರಿನ ಜಗಲಿಯಲ್ಲಿ ಇಬ್ಬರು ಹುಡುಗಿಯರೂ ಒಂದೇ ಕಂಬಳಿ ಹೊದ್ದು, ಒಬ್ಬಳ ಜಡೆ ಇನ್ನೊಬ್ಬಳು ಹೆಣೆಯುತ್ತ…

"ಬೆಳಿಗ್ಗೆ ಓಟ್ಸ್ ಕೊಡ್ಬೇಡ, ಮುಟ್ಟಲ್ಲ. ಟೋಸ್ಟ್ ಕೊಡು. ಅಂಚು ತೆಗೀಬೇಡ," ಎಂದೆ.

"ಅಂಚು ತಿಂತಾಳಾ?"

"ಈಗ ತಿಂತಾಳೆ."

ಆಗಸ್ಟ್ 10
ಅಪ್ಪನ ಮನೆಗೆ ಹೊರಟ ಜೆನ್ ದಿಂಬನ್ನೂ ತೆಗೆದುಕೊಂಡಳು. "ಶನಿವಾರ ಬಂದಾಗ ಬೇಕಲ್ವೇನೇ?" ಎಂದೆ.

"ಇನ್ನೊಂದು ತಂದಿಟ್ಟಿರಮ್ಮ." ಕೆನ್ನೆಗೆ ಮುತ್ತು ಕೊಟ್ಟಳು. ಖುಷಿಯಲ್ಲಿದ್ದಳು. ಅದೇ ತಾನೆ ಬೇಕಿದ್ದದ್ದು.

ಆಗಸ್ಟ್ 14, ಬೆಳಿಗ್ಗೆ
ಶಾಲೆ ಶುರು. ಕ್ವಾರಿ ಹಿಲ್‌ನ ಹಳದಿ ಬಸ್ಸು ನಮ್ಮ ಮನೆ ಮುಂದೆ ನಿಂತಿತು. ಅದರ ಪಟ್ಟಿಯಿಂದ ಜೆನ್ ಹೆಸರನ್ನು ಯಾರೂ ತೆಗೆದಿಲ್ಲ. ಬಸ್ಸಿನ ಕೆಂಪು ದೀಪ ಮಿನುಗಿತು. ಎರಡೂ ಕಡೆಯ ಕಾರುಗಳು ನಿಂತವು. ಗೌನಿನಲ್ಲೇ ಇಳಿದು ಹೋದೆ. ಡ್ರೈವರ್ ವಯಸ್ಸಾದ ಹೆಂಗಸು.

"ಮಗಳು ರೆಡಿ ಆಗಿಲ್ವಾ? ಮೊದಲ ದಿನ ಎಲ್ಲರ ಮನೇಲೂ ಇದೇ ಕತೆ. ಕಾಯ್ತೀನಿ, ಕರೀರಿ."

ಇಲ್ಲ ಎನ್ನಬೇಕಿತ್ತು. "ಒಂದು ನಿಮಿಷ" ಎಂದೆ. ಒಳಗೆ ಬಂದೆ. ಮಹಡಿ ಮೆಟ್ಟಿಲ ಕೆಳಗೆ ನಿಂತು, ದಿನಾ ಕೂಗುವ ಹಾಗೇ ಕೂಗಿದೆ. ಜೆನ್—